ಕಪ್ಪತಗುಡ್ಡದ ಹೊನ್ನೂ ಸೊರಟೂರ ಜಲಗಾರರೂ

ಸೊರಟೂರೆಂಬ ಹೆಸರನ್ನು ಕನ್ನಡನಾಡಿನ ಇತಿಹಾಸವನ್ನೋದಿದವರು ಒಂದು ಕಾಳಗದ ಸಂಬಂಧದಿಂದ ಬಲ್ಲರು. ೧೧೯೦ರ ಸುಮಾರಿಗೆ ಹೊಯ್ಸಳ ವೀರಬಲ್ಲಾಳನೂ ಸೇವುಣರ ಭಿಲ್ಲಮನೂ ಈ ಊರ ಬಯಲಿನಲ್ಲಿ ಎದುರುಬದುರಾದರು. ಬಲ್ಲಾಳನು ಗೆದ್ದು ಮುಂದೆ ಲೊಕ್ಕಿಗುಂಡಿಯವರೆಗೆ ನಡೆದನು. ಅಲ್ಲಿಂದ ಕೆಲವು ಕಾಲ ಕೃಷ್ಣೆಯ ದಕ್ಷಿಣದ ಕನ್ನಡನಾಡೆಲ್ಲವೂ ಹೊಯ್ಸಳರ ಕೈಸೇರಿತು. ಅರಸರ ಕಥೆಯು ಇಷ್ಟಕ್ಕೇ ಮುಗಿಯುವದು. ಆದರೆ ಆ ಊರ ಮಗ್ಗುಲಲ್ಲಿ ಹರಿಯುವ ಹಳ್ಳಕ್ಕೆ ಬೇರೊಂದು ಇತಿಹಾಸವುಂಟು. ಅದರಲ್ಲಿ ಅರಸರಿಲ್ಲ, ಆನೆ ಕುದುರೆಗಳಿಲ್ಲ. ಮಳೆಗಾಲದ ಪ್ರವಾಹವಿಳಿದ ಮೇಲೆ ಮರದ ಮರಿಗೆಯನ್ನು ಹಿಡಿದು ಹಳ್ಳಕ್ಕಿಳಿದು, ಉಸುಕನ್ನು ತೊಳೆದು, ಅದರೊಳಗಿನ ಹೊನ್ನಿನ ಹುಡಿಯನ್ನು ಆಯ್ದುಕೊಳ್ಳುತ್ತಿದ್ದ ಜಲಗಾರರೆಂಬ ಬಡ ಕಸುಬಿನವರಿದ್ದಾರೆ. ಈ ಲೇಖದ ವಿಷಯವು ಅವರೂ, ಅವರಿಗೆ ಹೊನ್ನನ್ನು ಕೊಟ್ಟ ಗುಡ್ಡವೂ.

ಬಂಗಾರದ ಗಣಿಯೆಂದೊಡನೆ ಕನ್ನಡಿಗರ ಮನಸ್ಸು ಕೋಲಾರದ ಕಡೆಗೆ ಓಡುವದು ಸಹಜವಾಗಿದೆ. ಆದರೆ ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವವರು ಅಷ್ಟು ದೂರ ಹೋಗಬೇಕಾದುದಿಲ್ಲ. ಮೂಡಲ ದಿಕ್ಕಿಗೆ ಗದುಗಿನ ದಾರಿಯನ್ನು ಹಿಡಿದು ಸುಮಾರು ೬೦ ಕಿಲೋಮೀಟರು ನಡೆದರೆ, ಎರೆಯ ಹೊಲಗಳ ಸಮತಲದ ಮೇಲೆ ತಟ್ಟನೆ ಎದ್ದು ನಿಂತ ಒಂದು ಗುಡ್ಡಗಳ ಸಾಲು ಕಣ್ಣಿಗೆ ಬೀಳುವದು. ಗದುಗಿನ ಹತ್ತಿರದಿಂದ ಆಗ್ನೇಯಕ್ಕೆ ಹೊರಟು ತುಂಗಭದ್ರೆಯ ದಂಡೆಯವರೆಗೆ ಹಬ್ಬಿರುವ ಇದೇ ಕಪ್ಪತಗುಡ್ಡವು. ಎಪ್ಪತ್ತು ಗಿರಿಗಳನ್ನು ನೋಡುವದಕ್ಕಿಂತ ಕಪ್ಪತಗಿರಿಯೊಂದನ್ನು ನೋಡುವದು ಲೇಸೆಂದು ಆ ಸೀಮೆಯ ಜನರು ಆಡಿಕೊಳ್ಳುವರು. ಔಷಧಿಯ ಬೇರು ನಾರುಗಳಿಗೆ ಈ ಗುಡ್ಡವು ಹೆಸರಾದದ್ದು. ೧೯೯೭ರಲ್ಲಿ ಗದಗವು ಬೇರೆ ಜಿಲ್ಲೆಯಾಗುವವರೆಗೆ ಇದೆಲ್ಲವೂ ಧಾರವಾಡ ಜಿಲ್ಲೆಯ ಮೂಡಲ ಅಂಚಾಗಿದ್ದಿತು. ಇಂಗ್ಲಿಷ್ ಅಧಿಕಾರಿಗಳ ಹಳೆಯ ಬರಹಗಳಲ್ಲಿ ಇದಕ್ಕೆ ಡಂಬಳದ ಗುಡ್ಡಗಳೆಂದು ಹೆಸರು.

ಗುಡ್ಡದಲ್ಲಿ ಹೊನ್ನು ಎಲ್ಲಿಂದ ಬಂದಿತೆಂಬದನ್ನು ಮೊದಲು ತಿಳಿಯತಕ್ಕದ್ದು. ಕಪ್ಪತಗುಡ್ಡದ ಕಲ್ಲುಗಳು ಭೂಮಿಯ ಅತಿ ಪ್ರಾಚೀನವಾದ ಶಿಲೆಗಳಲ್ಲಿ ಎಣಿಕೆಗೊಳ್ಳುವವು. ಇವುಗಳ ವಯಸ್ಸು ೨೫೦ ಕೋಟಿ ವರುಷಗಳಿಗೂ ಹೆಚ್ಚಿನದು. ಸಮುದ್ರದ ತಳದಲ್ಲಿ ಉಕ್ಕಿ ಹರಿದ ಜ್ವಾಲಾಮುಖಿಯ ದ್ರವವೂ, ಅದೇ ಸಮುದ್ರದಲ್ಲಿ ಪದರು ಪದರಾಗಿ ಕೂತ ಕೆಸರೂ ಕಬ್ಬಿಣವೂ, ಮುಂದೆ ಭೂಮಿಯ ಒತ್ತಡಕ್ಕೂ ಕಾವಿಗೂ ಸಿಕ್ಕು, ಮಡಿಚಿ ಮುರಿದು, ನಿಲುವಾಗಿ ನಿಂತು ಈ ಶಿಲೆಗಳಾದವು. ಹೀಗೆ ಮುರಿದ ಬಿರುಕುಗಳೊಳಗಿಂದ, ಆಳದ ಬಿಸಿನೀರು ಅನೇಕ ಧಾತುಗಳನ್ನು ಕರಗಿಸಿಕೊಂಡು ಮೇಲಕ್ಕೇರಿತು. ಒತ್ತಡವೂ ಕಾವೂ ಕಡಿಮೆಯಾದಲ್ಲಿ ಆ ನೀರು ತನ್ನ ಹೊರೆಯನ್ನು ಇಳಿಸಿತು. ಬಿರುಕುಗಳಲ್ಲಿ ಬಿಳಿಯ ಬೆಣಚುಕಲ್ಲು ತುಂಬಿಕೊಂಡಿತು. ಬೆಣಚುಕಲ್ಲಿನ ಸಂಗಡ ಗಂಧಕ, ಕಬ್ಬಿಣ, ಪಾಷಾಣಗಳು ಕೂಡಿದ ಖನಿಜಗಳೂ, ಅವುಗಳ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಬಂಗಾರವೂ ಸೇರಿಕೊಂಡವು.

ಬಂಗಾರವು ಗುಡ್ಡದೊಳಗೆ ಹೀಗೆ ಅಡಗಿ ಕುಳಿತಿದ್ದರೆ ಜಲಗಾರನಿಗೆ ಅದರಿಂದ ಲಾಭವಿಲ್ಲ. ಅದನ್ನು ಅವನ ಕೈಗೆ ತಂದುಕೊಟ್ಟದ್ದು ಮಳೆ ಬಿಸಿಲುಗಳು. ಲಕ್ಷಾಂತರ ವರುಷಗಳ ಕಾಲ ಗಾಳಿ ನೀರುಗಳು ಗುಡ್ಡವನ್ನು ಸವೆಯಿಸಿದವು. ಗಂಧಕದ ಖನಿಜಗಳು ತುಕ್ಕು ಹಿಡಿದು ಕೆಂಪು ಮಣ್ಣಾದವು. ಅವುಗಳ ಹಿಡಿತದಲ್ಲಿದ್ದ ಹೊನ್ನು ಬಿಡುಗಡೆಯಾಯಿತು. ಬಂಗಾರಕ್ಕೆ ತುಕ್ಕಿಲ್ಲ, ಕೊಳೆಯಿಲ್ಲ. ಮಳೆಯ ನೀರು ಮಣ್ಣನ್ನೂ ಬೆಣಚುಕಲ್ಲಿನ ಚೂರನ್ನೂ ಹೊನ್ನಿನ ಕಣವನ್ನೂ ಒಟ್ಟಾಗಿ ಕೊಚ್ಚಿಕೊಂಡು ಹಳ್ಳಕ್ಕೆ ತಂದಿತು. ಇಲ್ಲಿ ತೂಕದ ನ್ಯಾಯವು ಕೆಲಸಮಾಡುವದು. ಬೆಣಚುಕಲ್ಲು ತನ್ನಷ್ಟೇ ಗಾತ್ರದ ನೀರಿಗಿಂತ ಎರಡೂವರೆ ಪಟ್ಟಿಗೆ ತುಸು ಹೆಚ್ಚು ಭಾರ. ಕಬ್ಬಿಣದ ಕರಿ ಉಸುಕು ಐದು ಪಟ್ಟು ಭಾರ. ಬಂಗಾರವಾದರೋ ಹತ್ತೊಂಬತ್ತು ಪಟ್ಟು ಭಾರ. ಆದುದರಿಂದ ಹಳ್ಳದ ಓಟವು ಎಲ್ಲಿ ಮಂದವಾಗುವದೋ, ಅಂದರೆ ತಿರುವಿನ ಒಳಮಗ್ಗುಲಲ್ಲಿ, ಬಂಡೆಗಳ ಹಿಂದೆ, ತಳದ ಗಟ್ಟಿ ಗರಸಿನ ಸಂದುಗಳಲ್ಲಿ, ಹೊನ್ನು ಎಲ್ಲಕ್ಕೂ ಮೊದಲು ಕೆಳಗಿಳಿದು ನಿಲ್ಲುವದು. ಹಗುರಾದದ್ದೆಲ್ಲ ಮುಂದಕ್ಕೆ ಹರಿದುಹೋಗುವದು.

ಜಲಗಾರನ ವಿದ್ಯೆಯು ಹಳ್ಳದ ಈ ಕೆಲಸವನ್ನೇ ಕೈಯಲ್ಲಿ ಮತ್ತೊಮ್ಮೆ ಮಾಡುವ ವಿದ್ಯೆ. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳು ಅಕ್ಕಿಯನ್ನು ಜಾಲಿಸುವದನ್ನು ನೋಡದವರಾರು? ಪಾತ್ರೆಯಲ್ಲಿ ನೀರು ಹಾಕಿ, ಒಂದು ಹದದಿಂದ ಅಲುಗಿಸುತ್ತ ಅಕ್ಕಿಯನ್ನು ನೀರಿನೊಡನೆ ಹೊರಕ್ಕೆ ಬಿಟ್ಟರೆ, ಹರಳು ತಳದಲ್ಲಿ ಉಳಿಯುವದು. ಗೃಹಿಣಿಯು ಹರಳನ್ನು ಚೆಲ್ಲಿ ಅಕ್ಕಿಯನ್ನು ಇಟ್ಟುಕೊಳ್ಳುವಳು. ಜಲಗಾರನು ತಳದಲ್ಲಿ ಉಳಿದುದನ್ನು ಇಟ್ಟುಕೊಂಡು ಮಿಕ್ಕುದನ್ನು ಚೆಲ್ಲುವನು. ಇಷ್ಟೇ ಭೇದ. ಅವನು ಮೊದಲು ಹಳ್ಳದಲ್ಲಿ ತಕ್ಕ ಸ್ಥಳವನ್ನು ಗೊತ್ತುಮಾಡಿ, ಗರಸನ್ನು ಅಗೆದು, ಇಳಿಜಾರಾಗಿ ಇಟ್ಟ ಹಲಗೆಯ ದೋಣಿಯೊಳಕ್ಕೆ ಸುರಿದು, ಮೇಲಿಂದ ನೀರು ಹೊಯ್ದು ಕಲಕುವನು. ಮಣ್ಣು ಕದಡಿ ಹೋಗುವದು. ದಪ್ಪ ಹರಳುಗಳನ್ನು ಕೈಯಿಂದ ತೆಗೆದೊಗೆಯುವನು. ದೋಣಿಯ ತಳದಲ್ಲಿ ನಿಂತ ಸಣ್ಣ ಉಸುಕನ್ನು ಮರದ ಮರಿಗೆಗೆ ತೆಗೆದುಕೊಂಡು, ನೀರಿನ ಮೇಲ್ಮೈಯಲ್ಲಿ ಅದನ್ನು ತೇಲಾಡಿಸುತ್ತ, ಹದವಾಗಿ ತಿರುಗಿಸುತ್ತ, ಬಿಳಿಯ ಉಸುಕನ್ನು ಸ್ವಲ್ಪ ಸ್ವಲ್ಪವಾಗಿ ಹೊರಕ್ಕೆ ಕಳುಹುವನು. ಕಡೆಗೆ ಮರಿಗೆಯಲ್ಲಿ ಒಂದು ಹಿಡಿ ಕರಿ ಉಸುಕು ಮಾತ್ರ ಉಳಿಯುವದು. ಅದನ್ನು ಇನ್ನೊಮ್ಮೆ ಬಹು ಎಚ್ಚರಿಕೆಯಿಂದ ಅಲುಗಿಸಿದರೆ, ಕಪ್ಪಿನ ಅಂಚಿನಲ್ಲಿ ಹಳದಿಯ ಒಂದು ಎಳೆ ಮಿಂಚುವದು. ಕಸುಬುದಾರನ ಕೈಯ ಹದವು ಒಂದಿಷ್ಟು ತಪ್ಪಿದರೂ ಇಡಿಯ ದಿನದ ದುಡಿಮೆಯು ಹಳ್ಳದ ಪಾಲಾಗುವದು.

ಆ ದುಡಿಮೆಯನ್ನು ಅಳೆಯುವದಕ್ಕೆ ತೊಲೆಯು ದೊಡ್ಡ ಮಾಪಾಯಿತು. ಗುಲಗಂಜಿಯೇ ತಕ್ಕ ಮಾಪು. ತೊಂಬತ್ತಾರು ಗುಲಗಂಜಿ ಕೂಡಿದರೆ ಒಂದು ತೊಲೆ. ಮೇಲಾಗಿ ಈ ಹಳ್ಳಗಳು ವರುಷವೆಲ್ಲ ಹರಿಯತಕ್ಕವಲ್ಲ. ಮಳೆಯ ನೆರಳಿನಲ್ಲಿರುವ ಆ ಸೀಮೆಯಲ್ಲಿ ಬೇಸಗೆ ಬಂದರೆ ಹಳ್ಳವು ಒಣಗಿದ ಉಸುಕಿನ ದಾರಿ ಮಾತ್ರ. ದೊಡ್ಡ ಮಳೆ ಬಂದು ಗುಡ್ಡದಿಂದ ಹೊಸ ಮಣ್ಣನ್ನು ಇಳಿಸಿ, ನೀರು ಇಳಿಮುಖವಾದ ಕೆಲವು ವಾರಗಳೇ ಜಲಗಾರನ ಸುಗ್ಗಿ. ಉಳಿದ ಕಾಲದಲ್ಲಿ ಅವರು ಊರೂರಿನ ಪತ್ತಾರರ ಅಂಗಡಿಗಳ ಬೂದಿಯನ್ನೂ ಕಸವನ್ನೂ ಪಡೆದು, ಅದನ್ನು ತೊಳೆದು, ಅರಗಿನ ಸಂದಿನಿಂದಲೂ ಅರದ ಬಾಯಿಂದಲೂ ಉದುರಿದ ಬಂಗಾರ ಬೆಳ್ಳಿಗಳ ಪುಡಿಯನ್ನು ತೆಗೆದು ಹೊಟ್ಟೆಹೊರೆಯುತ್ತಿದ್ದರು. ಹಳ್ಳದ ಉಸುಕಿಗೂ ಅಂಗಡಿಯ ಬೂದಿಗೂ ವಿದ್ಯೆಯು ಒಂದೇ.

ಈ ಸೀಮೆಯು ಹಿಂದೆ ಸಂಪತ್ತಿಗೆ ಹೆಸರಾದದ್ದು. ಗುಡ್ಡದ ಬಡಗಲಿಗೆ ಲೊಕ್ಕಿಗುಂಡಿ, ಅಂದರೆ ಇಂದಿನ ಲಕ್ಕುಂಡಿ. ಅಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ೧೦೦೭ರಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದಳು. ೧,೫೦೦ ಜಿನಪ್ರತಿಮೆಗಳನ್ನು ಬಂಗಾರ ರತ್ನಗಳಿಂದ ಮಾಡಿಸಿ ಕೊಟ್ಟಳೆಂದು ಅವಳ ಕೀರ್ತಿ. ಆ ಊರ ಟಂಕಸಾಲೆಯ ನಾಣ್ಯವು ಲೊಕ್ಕಿಗದ್ಯಾಣವೆಂದು ದೂರದೂರದ ಶಾಸನಗಳಲ್ಲಿಯೂ ಚಲಾವಣೆಯಲ್ಲಿದ್ದಿತು. ಗುಡ್ಡದ ಮೂಡಲಿಗೆ ಡಂಬಳ, ಪ್ರಾಚೀನರ ಧರ್ಮವೊಳಲು. ಅಲ್ಲಿಯ ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ ಬೌದ್ಧವಿಹಾರಕ್ಕೂ ತಾರಾದೇವಿಗೂ ದತ್ತಿ ಬಿಟ್ಟುದನ್ನು ೧೦೯೫ರ ಶಾಸನವು ಹೇಳುವದು. ಇಂಥ ಊರುಗಳ ನಡುವೆ ಹೊನ್ನಿನ ಹಳ್ಳಗಳು ಹರಿಯುತ್ತಿದ್ದುದನ್ನು ಕಂಡು, ಲೊಕ್ಕಿಗದ್ಯಾಣದ ಹೊನ್ನೆಲ್ಲವೂ ಕಪ್ಪತಗುಡ್ಡದ್ದೇ ಎಂದು ಕೆಲವರಿಗೆ ಹೇಳಬೇಕೆನ್ನಿಸುವದು. ಅದು ಅಭಿಮಾನದ ಮಾತಾದೀತು, ಇತಿಹಾಸವಾಗದು. ಗುಲಗಂಜಿಯ ಲೆಕ್ಕದಲ್ಲಿ ಹೊನ್ನು ಕೊಡುವ ಹಳ್ಳಗಳು ಸಾಮ್ರಾಜ್ಯದ ಟಂಕಸಾಲೆಯನ್ನು ತುಂಬಲಾರವು. ನಾಣ್ಯದ ಹೊನ್ನು ವ್ಯಾಪಾರದಿಂದಲೂ ಕಪ್ಪಕಾಣಿಕೆಗಳಿಂದಲೂ ಬರುವದೇ ಹೆಚ್ಚು. ರಾಯಚೂರು ಸೀಮೆಯ ಹಟ್ಟಿಯಲ್ಲಾದರೋ ಪ್ರಾಚೀನರು ಬಂಡೆಗೆ ಬೆಂಕಿಯಿಟ್ಟು ಸಿಡಿಸುತ್ತ ೬೦೦ ಅಡಿಗಳಿಗೂ ಕೆಳಕ್ಕೆ ಇಳಿದಿದ್ದರು. ಕಪ್ಪತಗುಡ್ಡದಲ್ಲಿಯೂ ಹಳೆಯ ಅಗೆತದ ಕುಳಿಗಳು ಉಂಟಾದರೂ ಹಟ್ಟಿಯ ಆಳಕ್ಕೆ ಅವು ಸಮವಲ್ಲ. ಇಲ್ಲಿಯ ಹೊನ್ನು ಮುಖ್ಯವಾಗಿ ಬಡವನ ಹೊನ್ನು.

ಹೊರಗಿನ ವಿದ್ವಾಂಸರ ಕಣ್ಣು ಈ ಹಳ್ಳಗಳ ಮೇಲೆ ಬಿದ್ದುದು ೧೯ನೆಯ ಶತಮಾನದಲ್ಲಿ. ಮದ್ರಾಸು ಸೈನ್ಯದ ಅಧಿಕಾರಿಯಾಗಿದ್ದ ನ್ಯೂಬೋಲ್ಡ್ ಸಾಹೇಬರು ದಕ್ಷಿಣ ಹಿಂದುಸ್ತಾನದ ಶಿಲೆಗಳನ್ನು ನೋಡುತ್ತ ಸಂಚರಿಸಿದಾಗ ಕಪ್ಪತಗುಡ್ಡದ ಹಳ್ಳಗಳ ಹೊನ್ನಿನ ಸಂಗತಿಯನ್ನು ಬರೆದಿಟ್ಟರು. ಆಮೇಲೆ ಬಂದವರು ರಾಬರ್ಟ್ ಬ್ರೂಸ್ ಫೂಟ್ ಸಾಹೇಬರು. ಇವರು ೧೮೫೮ರಲ್ಲಿ ಭಾರತೀಯ ಭೂಸ್ತರ ಸಮೀಕ್ಷಣ ಇಲಾಖೆಗೆ ಸೇರಿದವರು. ೧೮೬೩ರಲ್ಲಿ ಮದ್ರಾಸಿನ ಬಳಿಯ ಪಲ್ಲಾವರದಲ್ಲಿ ಆದಿಮಾನವನ ಕಲ್ಲಿನ ಆಯುಧವನ್ನು ಗುರುತಿಸಿ ಕೀರ್ತಿ ಪಡೆದವರು. ಡಂಬಳದ ಗುಡ್ಡಗಳ ಹೊನ್ನಿನ ಶಿಲೆಗಳನ್ನು ಕುರಿತ ಅವರ ಲೇಖವು ೧೮೭೪ರಲ್ಲಿ ಪ್ರಕಟವಾಯಿತು.

ಫೂಟ್ ಸಾಹೇಬರು ಅನುಸರಿಸಿದ ಮಾರ್ಗವು ಗಮನಿಸತಕ್ಕದ್ದು. ಗುಡ್ಡದ ಯಾವ ಶಿಲೆಯಲ್ಲಿ ಹೊನ್ನಿದೆಯೆಂಬದನ್ನು ಶಿಲೆಯನ್ನು ನೋಡಿ ಹೇಳಲು ಬಾರದು. ಆದುದರಿಂದ ಅವರು ಜಲಗಾರರ ಕೈಯಿಂದ ಹಳ್ಳಗಳ ಉಸುಕನ್ನು ತೊಳೆಯಿಸಿ ನೋಡಿದರು. ಯಾವ ಹಳ್ಳದಲ್ಲಿ ಹೊನ್ನು ದೊರೆಯಿತೋ ಆ ಹಳ್ಳವು ಯಾವ ಶಿಲೆಗಳ ಮೇಲಿಂದ ಇಳಿದುಬಂದಿತೆಂಬದನ್ನು ಹುಡುಕಿದರು. ಈ ಬಗೆಯಾಗಿ ಗುಡ್ಡದ ಶಿಲೆಗಳನ್ನು ಡೋಣಿ, ಕಪ್ಪತಗುಡ್ಡ, ಸೊರಟೂರು ಮೊದಲಾದ ಊರುಗಳ ಹೆಸರಿನ ಶ್ರೇಣಿಗಳಾಗಿ ವಿಂಗಡಿಸಿ, ಹೊನ್ನು ಸೊರಟೂರ ಶ್ರೇಣಿಯಿಂದ ಬರುವದೆಂದು ತೀರ್ಮಾನಿಸಿದರು. ಆ ಶ್ರೇಣಿಯ ಹಸುರುಗಪ್ಪು ಶಿಲೆಗಳ ಮೇಲಿಂದ ಇಳಿಯುವ ಹಳ್ಳಗಳಲ್ಲಿ ಹೊನ್ನುಂಟು. ಸೊರಟೂರ ಹಳ್ಳವು ಅವುಗಳಲ್ಲಿ ಮೇಲಾದದ್ದು. ಜಲಗಾರರು ಪಂಡಿತರಿಗೆ ಕೂಲಿಯಾಳುಗಳಂತೆ ಕಂಡಿರಬಹುದು. ವಾಸ್ತವವಾಗಿ ಅವರ ಮರಿಗೆಯೇ ಆ ಶೋಧದ ಮುಖ್ಯ ಉಪಕರಣವಾಗಿದ್ದಿತು. ಯಾವ ಹಳ್ಳದ ಯಾವ ತಿರುವಿನಲ್ಲಿ ಅಗೆಯಬೇಕೆಂಬದು ತಲೆತಲಾಂತರದಿಂದ ಅವರು ಕೈಯಿಂದ ಕೈಗೆ ಕೊಟ್ಟುಕೊಂಡು ಬಂದ ತಿಳಿವು.

ಈ ಶೋಧದ ಫಲವು ಕಪ್ಪತಗುಡ್ಡದ ಎಲ್ಲೆಯನ್ನು ಮೀರಿ ಹೋಯಿತು. ಇಲ್ಲಿ ಕಂಡ ಶಿಲೆಗಳಂಥವೇ ಬಳ್ಳಾರಿ, ಚಿತ್ರದುರ್ಗ, ಶಿವಮೊಗ್ಗ, ಹಟ್ಟಿ, ಕೋಲಾರಗಳಲ್ಲಿ ಪಟ್ಟೆಪಟ್ಟೆಯಾಗಿ ಹರಡಿರುವದನ್ನು ಫೂಟ್ ಸಾಹೇಬರು ಮುಂದಿನ ವರುಷಗಳಲ್ಲಿ ಕಂಡರು. ಇವೆಲ್ಲವೂ ಒಂದೇ ಕುಲದವೆಂದು ನಿಶ್ಚಯಿಸಿ, ೧೮೮೬ರಿಂದ ಅವಕ್ಕೆ ಧಾರವಾಡ ಶಿಲಾವ್ಯೂಹವೆಂಬ ಹೆಸರನ್ನಿಟ್ಟರು. ದಕ್ಷಿಣ ಹಿಂದುಸ್ತಾನದಲ್ಲಿ ಹೊನ್ನನ್ನು ಹೊರುವ ಮುಖ್ಯ ಶಿಲೆಗಳು ಇವೇ ಎಂದು ಸಾರಿದರು. ಇಂದು ಜಗತ್ತಿನ ಯಾವ ದೇಶದ ಭೂಸ್ತರಶಾಸ್ತ್ರದ ಗ್ರಂಥವನ್ನು ತೆರೆದರೂ, ಭೂಮಿಯ ಬಾಲ್ಯವನ್ನು ಹೇಳುವಲ್ಲಿ ಧಾರವಾಡದ ಹೆಸರು ಬರುವದು. ಹುಬ್ಬಳ್ಳಿ ಧಾರವಾಡಗಳ ಮನೆಗಳು ನಿಂತಿರುವ ನೆಲದ ಬುನಾದಿಯೂ ಇದೇ ಶಿಲಾಕುಲಕ್ಕೆ ಸೇರಿದ್ದು.

ಹೊನ್ನಿನ ಸುದ್ದಿಯು ಶಾಸ್ತ್ರಜ್ಞರಲ್ಲಿಯೇ ನಿಲ್ಲಲಿಲ್ಲ. ಜಾನ್ ಟೇಲರ್ ಮತ್ತು ಮಕ್ಕಳ ಮಂಡಲಿಯು ೧೮೮೦ರಲ್ಲಿ ಕೋಲಾರದಲ್ಲಿ ಕಾಲಿಟ್ಟು, ಕೆಲವು ವರುಷಗಳಲ್ಲಿಯೇ ಅಲ್ಲಿಯ ಹೊನ್ನಿನ ಪಟ್ಟೆ ಕೈಗೆ ಹತ್ತಿತು. ಆ ಬಳಿಕ ಲಂಡನ್ನಿನ ಹಣವಂತರಿಗೆ ಕನ್ನಡನಾಡಿನ ಪ್ರತಿಯೊಂದು ಬೆಣಚುಕಲ್ಲಿನ ಸಾಲೂ ಎರಡನೆಯ ಕೋಲಾರವಾಗಿ ಕಾಣತೊಡಗಿತು. ೧೮೮೪ರಲ್ಲಿ ಗದುಗಿಗೆ ರೈಲು ಬಂದುದರಿಂದ ಯಂತ್ರಗಳನ್ನು ಸಾಗಿಸುವ ತೊಡಕೂ ಕಡಿಮೆಯಾಯಿತು. ೨೦ನೆಯ ಶತಮಾನದ ಮೊದಲ ದಶಕದಲ್ಲಿ ಹೊಸೂರು, ಕಬಲಾಯತಕಟ್ಟಿ ಮೊದಲಾದ ಕಡೆ ಗಣಿಗಳೆದ್ದವು. ಶಿರಹಟ್ಟಿಯ ಸೀಮೆಯು ಆಗ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದುದರಿಂದ ಒಂದು ಗಣಿಗೆ ಸಾಂಗಲಿಯ ಗಣಿಯೆಂದೇ ಹೆಸರಾಯಿತು. ಬಾವಿಗಳನ್ನು ತೋಡಿದರು, ಕಲ್ಲನ್ನು ಕುಟ್ಟುವ ಯಂತ್ರಗಳನ್ನು ನಿಲ್ಲಿಸಿದರು. ಸ್ವಲ್ಪ ಹೊನ್ನೂ ಬಂದಿತು. ಆದರೆ ಕೆಲವೇ ವರುಷಗಳಲ್ಲಿ ಒಂದರ ಹಿಂದೊಂದು ಗಣಿಗಳು ಮುಚ್ಚಿದವು.

ಶತಮಾನಗಳ ಕಾಲ ಜಲಗಾರನಿಗೆ ಅನ್ನವನ್ನು ಕೊಟ್ಟ ಗುಡ್ಡವು ಹಣವಂತ ಮಂಡಲಿಗಳನ್ನೇಕೆ ಕೈಬಿಟ್ಟಿತು? ಉತ್ತರವು ಶಿಲೆಯಲ್ಲಿಯೇ ಇದೆ. ಕೋಲಾರದ ಹೊನ್ನು ಒಂದು ಮುಖ್ಯ ಪಟ್ಟೆಯಲ್ಲಿ ಒತ್ತಾಗಿ ಕೂಡಿ, ಮೂರು ಕಿಲೋಮೀಟರಿಗೂ ಕೆಳಕ್ಕೆ ಹೋಗಿದ್ದಿತು. ಕಪ್ಪತಗುಡ್ಡದ ಹೊನ್ನು ಅನೇಕ ಸಣ್ಣ ಸಾಲುಗಳಲ್ಲಿ ಚದುರಿದ್ದು, ಒಂದೆಡೆ ಕಂಡು ಹತ್ತು ಮಾರು ಆಚೆಗೆ ಮಾಯವಾಗುವಂಥದು. ಅದಕ್ಕೂ ಹೆಚ್ಚಿನ ತೊಡಕು ಇನ್ನೊಂದು. ಮೇಲ್ಭಾಗದ ತುಕ್ಕು ಹಿಡಿದ ಕಲ್ಲಿನಲ್ಲಿ ಹೊನ್ನು ಬಿಡಿಯಾಗಿರುವದು. ಕುಟ್ಟಿ ತೊಳೆದರೆ ದೊರೆಯುವದು. ಕೆಳಕ್ಕೆ ಹೋದಂತೆ ಅದು ಪಾಷಾಣ ಗಂಧಕಗಳ ಖನಿಜದೊಳಗೆ ಬಿಗಿಯಾಗಿ ಹುದುಗಿರುವದು. ಅಂಥ ಕಲ್ಲನ್ನು ಎಷ್ಟು ನುಣ್ಣಗೆ ಕುಟ್ಟಿದರೂ, ಪಾದರಸವಾಗಲಿ ಸಯನೈಡಿನ ದ್ರಾವಣವಾಗಲಿ ಹೊನ್ನನ್ನು ಪೂರ್ತಿಯಾಗಿ ಮುಟ್ಟಲಾರವು. ಅದನ್ನು ಮೊದಲು ಹುರಿದು ವಿಷದ ಹೊಗೆಯನ್ನು ಕಳೆಯಬೇಕಾಗುವದು. ಒಂದು ಟನ್ನು ಕಲ್ಲಿನಲ್ಲಿ ಐದು ಗ್ರಾಮು ಹೊನ್ನಿದೆಯೆಂದು ಹಿಡಿದರೂ, ಒಂದು ತೊಲೆಗಾಗಿ ಎರಡು ಟನ್ನಿಗೂ ಮಿಕ್ಕಿದ ಕಲ್ಲನ್ನು ತೋಡಿ, ಎತ್ತಿ, ಕುಟ್ಟಬೇಕು. ಮಂಡಲಿಗಳು ದುಡ್ಡು ತೆತ್ತು ಮಾಡಿಸಬೇಕಾಗಿದ್ದ ಈ ಕೆಲಸಗಳನ್ನೆಲ್ಲ ಜಲಗಾರನಿಗೆ ಮಳೆ ಬಿಸಿಲುಗಳು ಪುಕ್ಕಟೆಯಾಗಿ ಮಾಡಿಕೊಟ್ಟಿದ್ದವು. ತೋಡುವದು, ಕುಟ್ಟುವದು, ಹುರಿಯುವದು, ಜಾಲಿಸುವದು ಎಲ್ಲವನ್ನೂ ಪ್ರಕೃತಿಯು ಲಕ್ಷಾಂತರ ವರುಷ ಮಾಡಿ, ಕಡೆಯ ಒಂದು ತೊಳೆತವನ್ನು ಮಾತ್ರ ಅವನಿಗೆ ಉಳಿಸಿದ್ದಿತು. ಹಳ್ಳದ ಹೊನ್ನನ್ನು ಕಂಡು ಗುಡ್ಡದ ಸಂಪತ್ತನ್ನು ಎಣಿಸಿದವರು ಮರೆತದ್ದು ಈ ಕಾಲದ ಲೆಕ್ಕವನ್ನು.

ಹಾಗೆಂದು ಜಲಗಾರನ ಬಾಳು ಸುಖದ್ದೆಂದು ಬಗೆಯಲಾಗದು. ೧೮೬೦ರ ದಶಕದಲ್ಲಿ ಅಮೇರಿಕೆಯ ಒಳಯುದ್ಧದ ದೆಸೆಯಿಂದ ಹತ್ತಿಯ ಬೆಲೆಯು ಏರಿ, ಡಂಬಳ ಗದುಗುಗಳ ಎರೆಹೊಲಗಳಲ್ಲಿ ಕೂಲಿಯೂ ಏರಿತು. ದಿನವೆಲ್ಲ ನೀರಿನಲ್ಲಿ ನಿಂತು ದೊರೆಯಬಹುದಾದ ಹೊನ್ನಿಗಿಂತ ಹತ್ತಿ ಬಿಡಿಸುವ ಕೂಲಿಯು ಭರವಸೆಯದಾಯಿತು. ೧೮೭೬ರಿಂದ ೧೮೭೮ರವರೆಗಿನ ಘೋರ ಬರವು ಇಂಥ ಸಣ್ಣ ಕಸುಬಿನವರನ್ನೆಲ್ಲ ಅಲುಗಿಸಿತು. ಹಳ್ಳವನ್ನು ಬಿಟ್ಟವರು ಪೇಟೆಗಳ ಪತ್ತಾರಗೇರಿಗಳ ಕಸಕ್ಕೆ ಹೆಚ್ಚಾಗಿ ಅಂಟಿಕೊಂಡರು. ಜಲಗಾರನೆಂಬ ಶಬ್ದದ ಬಾಳೂ ಇದೇ ದಾರಿಯಲ್ಲಿ ನಡೆದಿದೆ. ಉಸುಕು ತೊಳೆದು ಹೊನ್ನು ತೆಗೆಯುವವನೆಂಬ ಅರ್ಥವಿದ್ದ ಮಾತು, ಬೂದಿ ಕಸಗಳನ್ನು ತೊಳೆಯುವವನೆಂದಾಗಿ, ಬೀದಿಯ ಕಸ ಗುಡಿಸುವವನೆಂಬ ಅರ್ಥಕ್ಕೆ ಇಳಿಯಿತು. ೧೯೨೮ರಲ್ಲಿ ಪ್ರಕಟವಾದ ಕುವೆಂಪು ಅವರ ‘ಜಲಗಾರ’ ನಾಟಕದ ನಾಯಕನು ಬೀದಿ ಗುಡಿಸುವವನೇ. ಆ ನಾಟಕವನ್ನು ಓದಿ ಮೆಚ್ಚಿದವರಲ್ಲಿ ಎಷ್ಟೋ ಮಂದಿಗೆ ಆ ಹೆಸರಿನ ತಳದಲ್ಲಿ ಹೊನ್ನು ಇದ್ದುದು ತಿಳಿದಿರಲಿಕ್ಕಿಲ್ಲ. ಕಸುಬು ಹೋದ ಮೇಲೆ ಅದರ ಮಾನವೂ ಹೋಗುವದೆಂಬದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಗುಡ್ಡದ ಕಥೆಯು ಅಲ್ಲಿಗೆ ನಿಲ್ಲಲಿಲ್ಲ. ೨೦೦೧ರಲ್ಲಿ ಕೋಲಾರದ ಗಣಿಗಳು ಮುಚ್ಚಿದವು. ಬಂಗಾರದ ಬೆಲೆಯು ಏರುತ್ತ ಹೋಯಿತು. ಹಿಂದೆ ನಷ್ಟದ್ದೆಂದು ಬಿಟ್ಟ ಕಲ್ಲು ಮತ್ತೆ ಲಾಭದ್ದಾಗಿ ಕಾಣತೊಡಗಿತು. ಕಪ್ಪತಗುಡ್ಡವನ್ನು ಸರಕಾರವು ೨೦೧೫ರಲ್ಲಿ ಸಂರಕ್ಷಿತ ಪ್ರದೇಶವೆಂದು ಸಾರಿ, ೨೦೧೬ರಲ್ಲಿ ಆ ಆಜ್ಞೆಯನ್ನು ಹಿಂತೆಗೆದುಕೊಂಡಿತು. ಗದುಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳ ಮುಂದಾಳುತನದಲ್ಲಿ ಜನರು ಗುಡ್ಡಕ್ಕಾಗಿ ಧರಣಿ ಕುಳಿತರು. ೨೦೧೭ರಲ್ಲಿ ಆಜ್ಞೆಯು ಮರಳಿ ಬಂದಿತು. ೨೦೧೯ರಲ್ಲಿ ಗುಡ್ಡವು ವನ್ಯಜೀವಿಧಾಮವಾಯಿತು. ಹೊನ್ನು ಬೇಡವೆಂದು ಜನರು ಹೇಳಿದ್ದು ಹೊನ್ನಿನ ಮೇಲಿನ ಹೇಸಿಕೆಯಿಂದಲ್ಲ. ಅದೇ ಗುಡ್ಡವು ಮೋಡವನ್ನು ತಡೆದು, ಹಳ್ಳಕ್ಕೆ ನೀರನ್ನೂ ದನಕರುಗಳಿಗೆ ಮೇವನ್ನೂ ಊರವರಿಗೆ ಮದ್ದನ್ನೂ ಕೊಡುವದು. ಪಾಷಾಣ ಕೂಡಿದ ಕಲ್ಲನ್ನು ಮೇಲಕ್ಕೆ ತಂದು ಪುಡಿಮಾಡಿದರೆ, ಮುಂದಿನ ಮಳೆಗೆ ಹಳ್ಳಕ್ಕೆ ಇಳಿಯುವದು ಹೊನ್ನಿನ ಹುಡಿಯೊಂದೇ ಆಗಿರದು.

ಜಲಗಾರನು ಗುಡ್ಡವು ತಾನಾಗಿ ಕೊಟ್ಟುದನ್ನು ಮಾತ್ರ ತೆಗೆದುಕೊಂಡನು. ಅದಕ್ಕಾಗಿ ಬಡತನವನ್ನೂ ಅನುಭವಿಸಿದನು. ಮಂಡಲಿಗಳು ಗುಡ್ಡವನ್ನೇ ಕೇಳಿದವು; ಕೆಲವು ಮುಚ್ಚಿದ ಬಾವಿಗಳನ್ನು ಬಿಟ್ಟು ಹೋದವು. ಇವೆರಡರ ನಡುವೆ ವಿದ್ವಾಂಸರು ಒಂದು ಹೆಸರನ್ನು ಪಡೆದರು. ಹೊನ್ನಿಗಾಗಿ ಹೊರಟ ಶೋಧದಿಂದ ಜಗತ್ತಿಗೆ ದಕ್ಕಿದ್ದು ಧಾರವಾಡ ಶಿಲೆಗಳೆಂಬ ಆ ಹೆಸರೇ. ಅದು ಸವೆಯದೆ ಉಳಿಯುವಂಥದು. ಆ ಹೆಸರನ್ನು ನೆನೆಯುವಾಗ ಫೂಟ್ ಸಾಹೇಬರ ಸುತ್ತಿಗೆಯೊಡನೆ ಸೊರಟೂರ ಹಳ್ಳದ ಮರಿಗೆಯನ್ನೂ ನೆನೆಯುವದು ನ್ಯಾಯವಾದದ್ದು. ಹಸ್ತಾ ಚಿತ್ತಾ ಮಳೆಗಳು ಬಂದಾಗ ಸೊರಟೂರ ಹಳ್ಳವು ಇಂದಿಗೂ ಕೆಂಪಾಗಿ ಹರಿಯುವದು. ಹೊನ್ನಿನ ಕಣಗಳು ಮೊದಲಿನಂತೆಯೇ ತಿರುವಿನ ಗರಸಿನಲ್ಲಿ ಇಳಿದು ನಿಲ್ಲುವವು. ಅವುಗಳನ್ನು ಗುರುತಿಸಬಲ್ಲ ಕೈಗಳು ಮಾತ್ರ ಹಳ್ಳಕ್ಕೆ ಇಳಿಯುವದಿಲ್ಲ.